ಬಕೆಟ್ ಮೇಲಿನ ಹೆಸರು

ನಾನು ನೀರು ಕಾಯಿಸುವ ಕಾಯಿಲ್. ಹುಬ್ಬಳ್ಳಿಯ ಒಂದು ಸಣ್ಣ ಶೆಡ್ಡಿನಲ್ಲಿ ನೆಟ್ಟಗಿದ್ದ ಕೊಳವೆಯನ್ನು ಸುರುಳಿ ಸುತ್ತಿ, ಕಪ್ಪು ಹಿಡಿಕೆ ಕೂರಿಸಿ ನನ್ನನ್ನು ಮಾಡಿದರು. ಗದಗಿನ ಅಂಗಡಿಯಲ್ಲಿ ಕೊಂಡವರು ನಾಗರತ್ನಾಳ ಅವ್ವ. ಮಗಳು ಧಾರವಾಡದ ಕಾಲೇಜು ಹಾಸ್ಟೆಲ್ಲಿಗೆ ಹೊರಟಿದ್ದಳು. ಅವ್ವ ತಮ್ಮ ಇಳಕಲ್ ಸೀರೆಯ ಹರಿದ ಸೆರಗಿನ ಚೂರನ್ನು ನನ್ನ ಹಿಡಿಕೆಗೆ ಸುತ್ತಿದರು. “ಥಂಡ್ಯಾಗ ತಣ್ಣೀರು ಹಾಕ್ಕೋಬ್ಯಾಡವಾ” ಎನ್ನುತ್ತ ಟ್ರಂಕಿನ ತಳದಲ್ಲಿ ಬಚ್ಚಿಟ್ಟರು. ಹಾಸ್ಟೆಲ್ಲಿನಲ್ಲಿ ಕಾಯಿಲ್ ಇಡುವಂತಿರಲಿಲ್ಲ. ಸಿಕ್ಕಿಬಿದ್ದವರ ಸೀಟು ಹೋಗುತ್ತಿತ್ತು; ಉಳಿದ ಸಾಮಾನಿಗಾದರೆ ಬರೀ ಜಪ್ತಿ.

ಹೊಸ ಕಟ್ಟಡ, ಸೋಲಾರ್ ಬಿಸಿನೀರು ಎಲ್ಲ ಸೀನಿಯರ್‌ಗಳ ಪಾಲು. ಮೊದಲ ವರ್ಷದವರಿಗೆ ಹಳೆ ಕಟ್ಟಡ, ಕೋಣೆಗಿಬ್ಬರು. ನಾಗರತ್ನಾಳ ಜೊತೆಗಾತಿ ಅಥಣಿ ಕಡೆಯ ಸುವರ್ಣಾ. ಹಾಸ್ಟೆಲ್ ಇದ್ದರೆ ಕಾಲೇಜು, ಇಲ್ಲವಾದರೆ ಮನೆ ಎಂದು ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದ. ಅದಕ್ಕೇ ಅವಳಿಗೆ ನನ್ನನ್ನು ಕಂಡರೆ ಹೆದರಿಕೆ.

“ಹೆದರಬ್ಯಾಡಲೇ. ಸಿಕ್ಕಿಬಿದ್ರ ಇಬ್ಬರದೂ ಅಂತ ಹೇಳೂಣು. ಇಬ್ಬರನ್ನೂ ಹೊರಗ ಹಾಕ್ತಾರೇನು?” ಎಂದಳು ನಾಗರತ್ನಾ. ಕೈಮೇಲೆ ಕೈಯಿಟ್ಟು ಮಾತೂ ಕೊಟ್ಟಳು. ನಾನೂ ನಂಬಿದೆ.

ಡಿಸೆಂಬರಿನ ಒಂದು ಬೆಳಗ್ಗೆ ನಾಗರತ್ನಾಳಿಗೆ ಜ್ವರ. ಅವಳ ಬಕೆಟ್ಟಿನಲ್ಲಿ ಬಟ್ಟೆ ನೆನೆದಿದ್ದವು. ಸುವರ್ಣಾ ಕೋಣೆಯೊಳಗೇ ತನ್ನ ಬಕೆಟ್ಟಿನಲ್ಲಿ ಗೆಳತಿಗೆಂದು ನೀರು ಕಾಯಲಿಟ್ಟಳು. ಬಚ್ಚಲಿನಲ್ಲಿ ಬಕೆಟ್ಟುಗಳಿಗೆ ಕಾಲು ಬರುತ್ತವೆಂದು ಹುಡುಗಿಯರೆಲ್ಲ ಅವುಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದುಕೊಳ್ಳುವುದು ಅಲ್ಲಿಯ ರೂಢಿ. ನಾನು ಕೆಲಸ ಶುರುಮಾಡಿ ನೀರು ಇನ್ನೇನು ಕಾದಿತ್ತು, ವಾರ್ಡನ್ ಕುಮುದಾ ಮೇಡಂ ಒಳಗೆ ಬಂದರು.

“ಯಾರದಿದು ಕಾಯಿಲ್?”

ಸುವರ್ಣಾ ನಾಗರತ್ನಾಳ ಮುಖ ನೋಡಿದಳು. “ಇಬ್ಬರದೂ ರೀ ಮೇಡಂ” ಎಂದಳು, ಇಬ್ಬರಲ್ಲಿ ಮಾತಾಗಿದ್ದ ಹಾಗೆಯೇ.

“ಹೌದೇನು ನಾಗರತ್ನಾ?”

“ನಂಗೇನ್ ಗೊತ್ತಿಲ್ಲರಿ. ಜ್ವರ ಬಂದು ಮಲಗೀನಿ. ಬಕೆಟ್ ಮ್ಯಾಲೆ ಯಾರ ಹೆಸರೈತಿ ನೋಡ್ರಿ.”

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ರಗ್ಗು ಎಳೆದುಕೊಂಡಳು. ಅವಳ ಅವ್ವನ ಸೆರಗು ನನ್ನ ಹಿಡಿಕೆಯಲ್ಲೇ ಇತ್ತು. ನನಗೆ ಬಾಯಿಲ್ಲದ್ದಕ್ಕೆ ಅಂದು ಹೊಟ್ಟೆ ಉರಿದಷ್ಟು ಇನ್ನೆಂದೂ ಉರಿದಿಲ್ಲ. ಕಾಯುವುದೇ ಕಸುಬಾದವನ ಮಾತಿದು.

ಸುವರ್ಣಾಳ ಸೀಟು ಹೋಯಿತು. ಮೂರನೆಯ ದಿನ ಅವಳ ಅಪ್ಪ ಬಂದು ಟ್ರಂಕು ಹೊತ್ತುಕೊಂಡ. ಅವಳು ಬಕೆಟ್ ಹಿಡಿದು ಹಿಂದೆ ನಡೆದಳು. ನಾನು ವಾರ್ಡನ್ ಕಪಾಟು ಸೇರಿದೆ.

ಕಾಲೇಜು ವರ್ಷದ ಕೊನೆಯ ದಿನ ಜಪ್ತಿಯಾದ ಸಾಮಾನನ್ನು ಸಹಿ ಹಾಕಿಸಿಕೊಂಡು ವಾಪಸ್ ಕೊಡುತ್ತಾರೆ. ಆಮೇಲೆ ಶಿಕ್ಷೆಯಿಲ್ಲ, ಬೈಗುಳವೂ ಇಲ್ಲ. ಯಾವಾಗಲೋ ಜಪ್ತಿಯಾಗಿದ್ದ ತನ್ನ ಇಸ್ತ್ರಿಪೆಟ್ಟಿಗೆಗೆಂದು ನಾಗರತ್ನಾ ಬಂದಳು. ನನ್ನನ್ನು ಕಂಡಳು. ಬೆರಳು ಸೆರಗಿನ ಚೂರಿನ ತನಕ ಬಂತು.

“ಇದೂ ನಿಂದೇನು?” ಮೇಡಂ ಸಹಜವಾಗಿ ಕೇಳಿದರು.

“ಅಲ್ಲರಿ.”

ಮೊದಲ ಸಲ ಭಯಕ್ಕೆ ಹೇಳಿದ್ದಳೆಂದು ಕ್ಷಮಿಸಿಬಿಡುತ್ತಿದ್ದೆನೇನೋ. ಎರಡನೆಯದಕ್ಕೆ ಏನೆನ್ನಲಿ?

ಈಗ ಮುದುಕನಾಗಿದ್ದೇನೆ, ಮೈಗೆ ತುಕ್ಕು ಹತ್ತಿದೆ. ಪ್ರತಿ ವರ್ಷ ಆ ದಿನ ಕಪಾಟು ತೆರೆದಾಗ ಬಾಗಿಲ ಕಡೆ ನೋಡುತ್ತೇನೆ. ಸುವರ್ಣಾ ಒಮ್ಮೆ ಬಂದು “ಅದು ನಂದ್ರೀ” ಅನ್ನಲಿ. ಸುಳ್ಳೆಂದು ನಾನಂತೂ ಹೇಳುವುದಿಲ್ಲ.