ಒರಟು ಬಿಲ್ಲೆಯ ಮೇಲೆ

ಸೂಕ್ಷ್ಮದರ್ಶಕದ ತಿರುಪನ್ನು ಅವಳು ಮತ್ತೊಮ್ಮೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿದಳು. ಗಾಜಿನ ದೋಷವಿರಬಹುದು, ಬೆಳಕಿನದಿರಬಹುದು, ತನ್ನ ಕಣ್ಣಿನದೇ ಇರಬಹುದು. ಯಾವುದೂ ಅಲ್ಲ. ಟೈಟಾನಿಯಂ ಬಿಲ್ಲೆಯ ಮೇಲೆ, ಹಸಿರು ಬಣ್ಣ ಹೀರಿ ಹೊಳೆಯುತ್ತಿದ್ದ ಜೀವಕೋಶಗಳು ಪರವೂರಿನ ನಿಲ್ದಾಣದಲ್ಲಿ ಇಳಿದ ಒಂಟಿ ಪ್ರಯಾಣಿಕರಂತೆ ಮುದುರಿ ಕೂತಿದ್ದವು. ಒಂದೂ ಕಾಲು ಚಾಚಿರಲಿಲ್ಲ. ಹೀಗೆ ಕೂತವು ಮೂಳೆ ಕಟ್ಟುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವು ಅವಳ ಅಮ್ಮನ ಜೀವಕೋಶಗಳು.

ದೇಹದೊಳಗೆ ಕೂರಿಸುವ ಲೋಹದ ಮೈ ಹೇಗಿದ್ದರೆ ಮೂಳೆ ಅದನ್ನು ಒಪ್ಪಿಕೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ. ಅಂಗಿಗುಂಡಿಯಷ್ಟು ದೊಡ್ಡ ಬಿಲ್ಲೆಗಳು. ಲೋಹ ಒಂದೇ, ಮೈ ಮಾತ್ರ ಬೇರೆ ಬೇರೆ. ಕನ್ನಡಿಯಂತೆ ಉಜ್ಜಿದ್ದು, ಹದವಾಗಿ ತರಿತರಿಯಾದದ್ದು, ಆಮ್ಲ ಕಚ್ಚಿ ತೀರಾ ಒರಟಾದದ್ದು. ಜೀವಕೋಶಕ್ಕೆ ಕಣ್ಣಿಲ್ಲ, ಅದು ಕಾಲಿನಿಂದಲೇ ನೆಲವನ್ನು ತಡವಿ ನೋಡುತ್ತದೆ. ಕನ್ನಡಿಯ ಮೇಲೆ ಸುಮ್ಮನೆ ಹರಡಿಕೊಂಡು ಕಾಲ ಕಳೆಯುತ್ತದೆ. ಒರಟು ಸಿಕ್ಕಿದರೆ ಬೇರು ಬಿಟ್ಟು ಮೂಳೆ ಕಟ್ಟಲು ಶುರುಮಾಡುತ್ತದೆ. ವರ್ಷಗಟ್ಟಲೆ ಅವರ ಪ್ರಯೋಗಾಲಯ ಕಂಡದ್ದು ಇದನ್ನೇ. ಹಾಗಾಗಿ ಅಮ್ಮನ ಸವೆದ ಸೊಂಟದ ಕೀಲು ಬದಲಿಸುವಾಗ, ಯಾವುದನ್ನು ಹಾಕೋಣ ಎಂದು ಮೂಳೆ ವೈದ್ಯೆ ಕೇಳಿದ್ದಕ್ಕೆ ಅವಳು ಹಿಂದೆಮುಂದೆ ನೋಡದೆ ಹೇಳಿದ್ದಳು: "ಹೆಚ್ಚು ಒರಟಿರೋದನ್ನೇ ಹಾಕಿ."

ತೆಗೆದ ಮೂಳೆಯ ವಿಷಯದಲ್ಲಿ ಅಮ್ಮನದೇ ಹಟ. "ಇಷ್ಟು ವರ್ಷ ನನ್ನನ್ನ ಹೊತ್ತ ಮೂಳೆ, ಕಸದ ಬುಟ್ಟಿಗೆ ಯಾಕೆ ಹೋಗ್ಬೇಕು? ನೀನು ತಗೊಂಡು ಹೋಗೆ. ಊರವರ ಮೂಳೆ ಎಲ್ಲಾ ಬೇಕು ನಿಂಗೆ, ಹೆತ್ತವಳದ್ದು ಬೇಡ್ವಾ?" ಎಂದು ವೈದ್ಯೆಯ ಮುಂದೆಯೇ ಕಾಗದಕ್ಕೆ ಸಹಿ ಹಾಕಿದ್ದರು.

ಪ್ರಯೋಗಾಲಯದ ಮುಖ್ಯಸ್ಥರು ಬಂದು ನೋಡಿದರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಒಬ್ಬರ ಮೂಳೆ ಒಬ್ಬರದೇ ಅಲ್ವಾ? ಇದನ್ನ ಪಕ್ಕಕ್ಕಿಡು. ಸಮ್ಮೇಳನ ಬಾಗಿಲಿಗೆ ಬಂದಿದೆ."

"ಇಲ್ಲೀವರೆಗೆ ನಾವು ನೋಡಿದ್ದೆಲ್ಲಾ ಹರೆಯದವರ ಮೂಳೆ ಸರ್. ಅಪಘಾತದಲ್ಲಿ ಕೈಕಾಲು ಮುರಿದು ಬಂದೋರದ್ದು. ಬೇಗ ಬೆಳೆಯುತ್ತೆ ಅಂತ ಅದನ್ನೇ ತರಿಸ್ಕೊಂಡ್ವಿ. ಆದರೆ ಕೀಲು ಹಾಕಿಸ್ಕೊಳ್ಳೋರು ಯಾರು?"

ಅವರು ಕನ್ನಡಕ ಇಳಿಸಿ ಮತ್ತೆ ಬಗ್ಗಿದರು. ಅದೇ ಮೂಳೆಯ ಜೀವಕೋಶಗಳು ಹದವಾದ ತರಿಯ ಬಿಲ್ಲೆಯ ಮೇಲೆ ಆರಾಮಾಗಿ ಹರಡಿಕೊಂಡಿದ್ದವು. ಅದನ್ನು ನೋಡಿದ ಮೇಲೆ ಅವರ ದನಿ ಇಳಿಯಿತು. "ಯಾರದ್ದಮ್ಮಾ ಇದು?"

"ನಮ್ಮಮ್ಮಂದು."

ಅವರು ಅವಳ ಭುಜದ ಹತ್ತಿರ ಕೈ ತಂದು, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು.

ಆ ಸಂಜೆ ಮನೆಯಲ್ಲಿ ಅಮ್ಮ ಊರುಗೋಲನ್ನು ಕುರ್ಚಿಗೆ ಒರಗಿಸಿ ತಮ್ಮ ಬಟ್ಟೆಗಳನ್ನು ಮಡಿಸುತ್ತಿದ್ದರು. ಸ್ವಂತ ಮನೆಗೆ ಹೊರಡುವ ತಯಾರಿ. ಊರಿನ ಇನ್ನೊಂದು ತುದಿಯಲ್ಲಿ, ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿ. ಮಗಳ ಮನೆಯಲ್ಲಿ ಉಪಚಾರಕ್ಕೇನೂ ಕೊರತೆಯಿರಲಿಲ್ಲ. ಆದರೆ ಅಳಿಯ ಟೀವಿಯ ಸದ್ದನ್ನು ತಮಗಾಗಿಯೇ ಕಡಿಮೆ ಮಾಡುವುದು ಅವರಿಗೆ ಮುಳ್ಳಾಗಿ ಚುಚ್ಚುತ್ತಿತ್ತು.

"ನನ್ನ ಜೀವಕೋಶಗಳು ಹೇಗಿವೆಯೇ? ಶಾಲೆಗೆ ಹೋಗ್ತಿವೆಯಾ?"

"ಚೆನ್ನಾಗೀವೆ ಅಮ್ಮ."

ಅಮ್ಮ ಮಡಿಸುವುದನ್ನು ನಿಲ್ಲಿಸಿದರು. ದೂರವಾಣಿ ಕೇಂದ್ರದಲ್ಲಿ ಮುಖ ಕಾಣದವರ ದನಿ ಕೇಳುತ್ತಲೇ ಕೂದಲು ನರೆಸಿಕೊಂಡವರು ಅವರು. "'ಚೆನ್ನಾಗಿವೆ' ಅನ್ನೋದು ಒಂದು, 'ಚೆನ್ನಾಗೀವೆ' ಅಂತ ಎಳೆಯೋದು ಇನ್ನೊಂದು. ನೀನು ಹೇಳಿದ್ದು ಎರಡನೇದು. ಕೂತ್ಕೋ."

ಅವಳು ಕೂತು ಹೇಳಿದಳು. ಅಡುಗೆಮನೆಯಿಂದ ನೀರಿನ ಸದ್ದು ಬರುತ್ತಿತ್ತು. ಮಾತು ಮುಗಿಯುವ ಹೊತ್ತಿಗೆ ಗಂಡ ನಲ್ಲಿ ನಿಲ್ಲಿಸಿದ್ದ. ಅಮ್ಮ ಮೊದಲು ನಕ್ಕರು. "ಅವೂ ನನ್ನ ಹಾಗೇ. ಹಾಸಿಗೆ ನೋಡಿ ಕಾಲು ಚಾಚ್ತವೆ." ಆಮೇಲೆ ನಗು ತಾನಾಗಿಯೇ ಆರಿತು. "ಹಾಗಾದ್ರೆ ಒಳಗಿರೋದು ಸಡಿಲ ಆಗುತ್ತಾ?"

"ಗೊತ್ತಿಲ್ಲ. ಪ್ರಯೋಗದ ಬಟ್ಟಲು ಬೇರೆ, ಮೈ ಬೇರೆ. ಮೈಯೊಳಗೆ ರಕ್ತ ಇದೆ, ನಿನ್ನ ಭಾರ ಇದೆ. ನಿಜವಾಗ್ಲೂ ಗೊತ್ತಿಲ್ಲ ಅಮ್ಮ. ಆದರೆ ಅದನ್ನೇ ಹಾಕಿ ಅಂದವಳು ನಾನು."

ಅಮ್ಮ ಮಡಿಸದೆ ಉಳಿದಿದ್ದ ಸೀರೆಯನ್ನು ಕೈಗೆತ್ತಿಕೊಂಡರು. ನಿನ್ನ ತಪ್ಪಿಲ್ಲ ಎನ್ನಲಿಲ್ಲ. ಅವಳು ಕಾದಿದ್ದು ಆ ಒಂದು ಮಾತಿಗೆ.

ಅವಳು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದು ಕಂಡದ್ದನ್ನು ಹೇಳಿದ ಮೇಲೆ, ವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಲೋಹಕ್ಕೂ ಮೂಳೆಗೂ ನಡುವೆ ಕೂದಲೆಳೆಯಂಥ ಕಪ್ಪು ಗೆರೆಯೊಂದನ್ನು ತೋರಿಸಿದರು. ಕೆಲವರಲ್ಲಿ ಇದು ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಹೀಗೇ ಉಳಿಯುತ್ತದೆ, ಕೆಲವರಲ್ಲಿ ಅಗಲವಾಗುತ್ತದೆ. "ಮೊದಲೇ ಹೇಳಿದ್ದು ಒಳ್ಳೇದಾಯ್ತು. ನಾನು ಈ ವಾರ ಕೋಲು ಬಿಡಿ ಅನ್ನೋಳಿದ್ದೆ. ಇನ್ನಷ್ಟು ದಿನ ಬೇಡ. ಮೆಟ್ಟಿಲಂತೂ ಬೇಡವೇ ಬೇಡ."

ಮನೆಗೆ ಬರುವ ದಾರಿಯಲ್ಲಿ ಅಮ್ಮ ಕಾರಿನ ಕಿಟಕಿಯಾಚೆ ನೋಡುತ್ತ ಕೂತರು. ಸಿಗ್ನಲ್ಲಿನಲ್ಲಿ ನಿಂತಾಗ ಥಟ್ಟನೆ ಅಂದರು: "ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಭಾನುವಾರ ನನ್ನ ಮನೇಲಿರ್ತಿದ್ದೆ."

"ಬಿದ್ದುಬಿಟ್ಟಿದ್ರೆ?"

"ನನ್ನ ಮನೇಲಿ ಬೀಳ್ತಿದ್ದೆ."

ಮನೆ ಸೇರಿದ ಮೇಲೆ ಮಡಿಸಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿಗಿಟ್ಟರು. ಸಹಾಯಕ್ಕೆ ಬಂದ ಮಗಳ ಕೈಯನ್ನು ಸರಿಸಿದರು. ಗೋಡೆಯನ್ನೂ ಮಾತಾಡಿಸುವ ಹೆಂಗಸು ಎಂದು ಹೆಸರಾದವರು, ಆ ಇಡೀ ವಾರ "ಹೂಂ" "ಊಹೂಂ" ಬಿಟ್ಟು ಬೇರೆ ಮಾತಾಡಲಿಲ್ಲ. ಅಳಿಯ ಟೀವಿಯ ಸದ್ದು ಬೇಕೆಂದೇ ಜೋರು ಮಾಡಿ ನೋಡಿದ. ಅದೂ ನಾಟಲಿಲ್ಲ.

ಸಮ್ಮೇಳನದಲ್ಲಿ ಮುಖ್ಯಸ್ಥರು ತಮ್ಮ ಫಲಿತಾಂಶಗಳನ್ನೆಲ್ಲ ತೋರಿಸಿದ ಮೇಲೆ ಗಂಟಲು ಸರಿಮಾಡಿಕೊಂಡು, ಇವೆಲ್ಲ ಹರೆಯದವರ ಮೂಳೆಯಿಂದ ಬಂದವು, ವಯಸ್ಸಾದವರ ಬಗ್ಗೆ ನಮಗಿನ್ನೂ ತಿಳಿಯದು, ತಿಳಿದಿದೆ ಅಂದುಕೊಂಡದ್ದು ನಮ್ಮ ಅವಸರ ಎಂದರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಇಳಿದು ಬಂದವರೇ ಅವಳ ಪಕ್ಕ ಕೂತು, "ನಾಳೆಯಿಂದ ಮುದುಕರ ಮೂಳೆ ಹುಡುಕು ತಾಯಿ. ಸಾಲದಿದ್ರೆ ನಾನಿದೀನಿ" ಎಂದರು.

ಅವಳು ಹುಡುಕಿದಳು. ಆಸ್ಪತ್ರೆಯ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಅಜ್ಜ ಅಜ್ಜಿಯರ ಪಕ್ಕ ಕೂತು ಕೇಳಿದಳು. ಹೆಚ್ಚಿನವರು ಕೊಟ್ಟರು. ಕೆಲವರ ಜೀವಕೋಶಗಳು ತೀರಾ ಒರಟು ನೆಲದಲ್ಲೂ ಹುಮ್ಮಸ್ಸಿನಿಂದ ಬೇರು ಬಿಟ್ಟವು. ಹೆಚ್ಚಿನವು ಅಮ್ಮನವುಗಳ ಹಾಗೇ ಮುದುರಿದವು. ಯಾಕೆ ಎಂಬುದು ಇನ್ನೂ ಕೈಗೆ ಹತ್ತಲಿಲ್ಲ. ಅಮ್ಮನ ಎರಡನೇ ಎಕ್ಸ್‌ರೇಯಲ್ಲಿ ಗೆರೆ ಅಗಲವಾಗಿರಲಿಲ್ಲ. ಮುಚ್ಚಿಯೂ ಇರಲಿಲ್ಲ.

ಎಕ್ಸ್‌ರೇ ಮುಗಿಸಿ ಆಸ್ಪತ್ರೆಯ ಅಂಗಳದಲ್ಲಿ ಗಾಡಿಗೆ ಕಾಯುವಾಗ ಅಮ್ಮ ಕೇಳಿದರು: "ನಿನ್ನ ಪ್ರಯೋಗಾಲಯ ಇಲ್ಲೇ ಹಿಂದೆ ಅಲ್ವಾ? ನಡಿ, ನೋಡ್ಕೊಂಡು ಬರೋಣ."

ಬಿಳಿ ನಿಲುವಂಗಿ ಅಮ್ಮನ ಮಂಡಿಯವರೆಗೆ ಬಂತು. ಬಾಯಿಗೆ ಮುಸುಕು ಕಟ್ಟಿಸಿಕೊಳ್ಳುತ್ತ, "ನನ್ನ ಬಾಯಿ ಮುಚ್ಸೋಕೆ ಕೊನೆಗೂ ಒಂದು ದಾರಿ ಸಿಕ್ತು ನಿಂಗೆ" ಎಂದರು. ಎತ್ತರದ ಸ್ಟೂಲಿನ ಮೇಲೆ ಜೋಪಾನವಾಗಿ ಕೂರಿಸಿ, ಅವಳು ಮೊದಲು ಒರಟು ಬಿಲ್ಲೆಯನ್ನು ತೋರಿಸಿದಳು. ಮುಚ್ಚಿಡಲು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಹದವಾದ ತರಿಯದ್ದು.

ಅಮ್ಮ ಬಹಳ ಹೊತ್ತು ತಲೆ ಎತ್ತಲಿಲ್ಲ. "ಇವಿಷ್ಟೂ ನಾನೇನೇ?"

"ನೀನೇ."

"ನೀನು ಹೊಟ್ಟೇಲಿದ್ದಾಗ್ಲೂ ಇವುಗಳ ಅಮ್ಮಂದಿರೇ ಇದ್ವೋ ಏನೋ." ಅಮ್ಮ ತಲೆ ಎತ್ತಿದರು. ಮುಸುಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. "ಆ ಮುದುರ್ಕೊಂಡಿರೋವನ್ನ ಏನು ಮಾಡ್ತೀಯಾ? ಬಿಸಾಡ್ತೀಯಾ?"

"ಇಲ್ಲ. ಇನ್ನೂ ಸ್ವಲ್ಪ ದಿನ ಇಟ್ಟು ನೋಡ್ತೀನಿ. ಇವತ್ತು ಊಟ ಹಾಕೋ ದಿನ."

"ಹಾಕು ಮತ್ತೆ. ನಾನಿದೀನಿ ಅಂತ ಅವನ್ನ ಯಾಕೆ ಉಪವಾಸ ಕೆಡವ್ತೀಯಾ."

ಅವಳು ಕೈಗವಸು ತೊಟ್ಟು ಗಾಜಿನ ಗೂಡಿನೊಳಗೆ ಕೈ ಚಾಚಿದಳು. ಬಣ್ಣಗೆಟ್ಟ ಹಳೆಯ ದ್ರವವನ್ನು ಓರೆಯಿಂದ ಹೀರಿ ತೆಗೆದಳು. ಹೊಸ ಗುಲಾಬಿ ದ್ರವವನ್ನು ಬಟ್ಟಲಿನ ಅಂಚಿಗೆ ತಾಗಿಸಿ, ಗೋಡೆಯುದ್ದಕ್ಕೂ ಜಾರಿ ಇಳಿಯುವಂತೆ, ತಳದಲ್ಲಿದ್ದವು ಬೆಚ್ಚಿ ಬೀಳದಂತೆ, ನಿಧಾನವಾಗಿ ಬಿಡತೊಡಗಿದಳು. ಗಾಜಿನ ಈಚೆ ಅಮ್ಮ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಕೊನೆಯ ಹನಿ ಇಳಿಯುವವರೆಗೂ ಅವರ ಮುಸುಕಿನ ಬಟ್ಟೆ ಉಸಿರಿಗೂ ಅಲುಗಾಡಲಿಲ್ಲ.