ಗದ್ದದ ಗುಳಿ

ಕೈ ಸೋಲುತ್ತಿದೆ, ಆದರೂ ಅಲುಗಿಸಬಾರದು, ಫೋನಿನ ಬೆನ್ನು ಬೆಚ್ಚಗಾಗಿ ಅಂಗೈ ಬೆವರುತ್ತಿದೆ, ಕಟಿಂಗ್ ಮುಗಿದ ಮೇಲೆ ಗಿರಾಕಿಯ ಹಿಂತಲೆಗೆ ಕೈಗನ್ನಡಿ ಹಿಡಿದು ಸಾಕಾ ಸರ್, ಇನ್ನೂ ಸಣ್ಣ ಮಾಡ್ಲಾ ಎಂದು ಕೇಳುವಾಗಲೂ ಅವನು ಹೀಗೇ ಮೊಣಕೈ ಮಡಚಿ ನಿಲ್ಲುತ್ತಾನೆ, ಅಲ್ಲಿ ಗಿರಾಕಿ ಒಂದು ಸಲ ತಲೆಯಾಡಿಸಿದರೆ ಕನ್ನಡಿ ಇಳಿಯುತ್ತದೆ, ಇಲ್ಲಿ ತಲೆಯಾಡಿಸುವವರೇ ಇಲ್ಲ, ಹೆಂಡತಿ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಾಳೆ, ಕಣ್ಣು ಫೋನಿನ ಕಡೆಗಿದೆ, ಅದರೊಳಗಿನ ಡಾಕ್ಟರನ್ನು ನೋಡುತ್ತಿದ್ದಾಳೋ ಮೂಲೆಯ ಪುಟ್ಟ ಚೌಕದಲ್ಲಿ ಕಾಣುವ ತನ್ನ ಮುಖವನ್ನೋ, ಫೋನಿನ ಹಿಂದೆ ನಿಂತವನಿಗೆ ಹೇಗೆ ಗೊತ್ತಾಗಬೇಕು, ಅವನು ಈಗ ಗಂಡನಲ್ಲ, ಬರಿಯ ಸ್ಟ್ಯಾಂಡು, ಅಂಗಡಿಯಲ್ಲಿ ಕೊಂಡರೆ ಇದಕ್ಕಿಂತ ಗಟ್ಟಿಯದು ಸಿಗುತ್ತದೆ. ಮನಸ್ಸಿಗೆ ಮಾತ್ರೆ ಬರೆಯುವ ಇವರು ಮಾತ್ರೆ ಡಾಕ್ಟರು, ಮಾತಾಡಿಸಿ ನೋಡುವ ಇನ್ನೊಬ್ಬರು ಮಾತಿನ ಮೇಡಂ, ಹೆಸರಿಟ್ಟವನು ಅವನೇ, ಅವಳು ನಗಲಿ ಅಂತ, ಅವಳು ನಗಲಿಲ್ಲ. ಮಾತಿನ ಮೇಡಂ ಫೋನಿನಲ್ಲಿ ಬಂದಾಗ ಅವನು ರೂಮಿನಿಂದ ಹೊರಗೆ ಹೋಗಬೇಕು, ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಬಾಗಿಲೆಳೆದುಕೊಂಡು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ತೊಳೆಯುತ್ತ ಕಿವಿ ಇಟ್ಟರೆ ಮೇಡಮ್ಮಿನ ದನಿಯೊಂದೇ, ಪರವಾಗಿಲ್ಲ, ನಿಧಾನ, ನಾನು ಇಲ್ಲೇ ಇದೀನಿ, ಮತ್ತೆ ಮೌನ, ಗೋಡೆ ನೋಡುತ್ತ ಮಲಗಿದವಳ ಬೆನ್ನಿನೊಡನೆ ಆ ಮೇಡಂ ಅಷ್ಟು ಹೊತ್ತು ಕೂತಿರುತ್ತಾರಲ್ಲ, ಅವರಿಗೆ ಕೈಮುಗಿಯಬೇಕು. ನಿದ್ದೆ ಹೇಗಿದೆಯಮ್ಮಾ, ಎನ್ನುತ್ತಿದ್ದಾರೆ ಮಾತ್ರೆ ಡಾಕ್ಟರು, ಪ್ರತಿ ಸಲ ಅಮ್ಮಾ, ಊಟ ಮಾಡ್ತಿದೀಯಾಮ್ಮಾ, ಲೋಕದ ಹೆಂಗಸರನ್ನೆಲ್ಲ ಅಮ್ಮಾ ಅನ್ನುವುದು ರೂಢಿ, ಅವರ ತಪ್ಪೇನಿಲ್ಲ, ಆದರೂ ಆ ಪದ ಬಂದಾಗಲೆಲ್ಲ ಇವಳ ರೆಪ್ಪೆ ಒಂದು ಸಲ ಬಡಿಯುತ್ತದೆ, ಅವನು ಮಾತ್ರ ನೋಡುತ್ತಾನೆ, ಹೇಳಿಬಿಡಬೇಕು ಡಾಕ್ಟರಿಗೆ, ದಯವಿಟ್ಟು ಬೇರೆ ಏನಾದರೂ ಕರೆಯಿರಿ ಅಂತ, ಹೇಳಿದರೆ ಯಾಕೆ ಅಂತ ಅವಳ ಎದುರಿಗೇ ಬಿಡಿಸಿ ಹೇಳಬೇಕಾಗುತ್ತದೆ. ನಿದ್ದೆ ಬರ್ತಿದೆ ಡಾಕ್ಟ್ರೇ, ಊಟ ಅಷ್ಟಕ್ಕಷ್ಟೇ, ಎಂದು ಅವನೇ ಉತ್ತರ ಕೊಡುತ್ತಾನೆ, ನೀವು ಇರಿ, ಅವರೇ ಹೇಳ್ಲಿ, ಎನ್ನುತ್ತಾರೆ ಅವರು, ಹೋದ ಸಲವೇ ಹೇಳಿದ್ದರಲ್ಲ, ಮುಂದಿನ ಸಲವೂ ಬಾಯಿ ಬಿಡದಿದ್ದರೆ ಕರ್ಕೊಂಡು ಬನ್ನಿ, ಕೆಲವು ದಿನ ಆಸ್ಪತ್ರೆಲಿ ಇರ್ಲಿ ಅಂತ, ಮಾತಾಡೇ, ಒಂದು ಮಾತು ಆಡು, ಹೆರಿಗೆಗೆ ಹೋದಾಗ ಮೂವರಾಗಿ ಬರಬೇಕಾದವರು ಆ ಆಸ್ಪತ್ರೆಯ ಬಾಗಿಲಿನಿಂದ ಇಬ್ಬರಾಗಿ ಬಂದೆವು, ಈ ಸಲ ಇಬ್ಬರಾಗಿ ಹೋಗಿ ನಾನೊಬ್ಬನೇ ಬರಬೇಕಾ.

ಆ ಬಾಗಿಲಿಗೆ ಹಸಿರು ಬಣ್ಣ, ಒಳಗೆ ಫಿನಾಯಿಲ್ ವಾಸನೆ, ಮಗುವಿನ ಉಸಿರು ಹೊಟ್ಟೆಯಲ್ಲೇ ನಿಂತಿದೆ ಎಂದು ಮೊದಲೇ ಹೇಳಿದ್ದರು, ಆದರೂ ಹೆರಬೇಕಲ್ಲ, ಹೆತ್ತಳು, ನರ್ಸಮ್ಮ ಬಿಳಿ ಟವೆಲ್ಲಿನಲ್ಲಿ ಸುತ್ತಿ ತಂದು ನೋಡ್ತೀರಾ ಎಂದರು, ಬೇಡ ಅನ್ನೋಣವೆಂದುಕೊಂಡ ಅವನು, ಅಷ್ಟರಲ್ಲಿ ಅವಳು ಎರಡೂ ಕೈ ಚಾಚಿದ್ದಳು, ಮುಖವಷ್ಟೇ ಕಾಣುತ್ತಿತ್ತು, ನಿದ್ದೆ ಮಾಡುವ ಮುಖ, ಅವಳು ಕಿರುಬೆರಳ ತುದಿಯನ್ನು ಮಗುವಿನ ಗದ್ದದ ಮೇಲಿಟ್ಟಳು, ಅಲ್ಲೊಂದು ಗುಳಿ, ಬೆರಳ ತುದಿ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು, ರೀ, ನೋಡ್ರಿ, ಗದ್ದ ನಿಮ್ದೇ, ಎಂದಳು, ಆ ಹೊತ್ತಿನಲ್ಲೂ ದನಿಯಲ್ಲಿ ಚೂರು ಹೆಮ್ಮೆ ಇತ್ತು, ಆಮೇಲೆ ಆ ರೀ ಅವನ ಕಿವಿಗೆ ಬಿದ್ದಿಲ್ಲ. ಮನೆಗೆ ಬಂದ ಮೇಲೆ ಹಾಲಿನ ಲೋಟ ಹಿಡಿದು ಬಗ್ಗಿದವನ ಗದ್ದವನ್ನೇ ನೋಡಿದಳು, ಕೈ ಎತ್ತಿದಳು, ಇಳಿಸಿದಳು, ಗೋಡೆಗೆ ತಿರುಗಿದಳು, ಅವನು ಲೋಟ ಕೆಳಗಿಟ್ಟ, ಅಯ್ಯೋ, ಇಪ್ಪತ್ತನಾಲ್ಕು ಗಂಟೆಯೂ ಇದನ್ನು ಅವಳೆದುರು ಹೊತ್ತು ತಿರುಗುತ್ತಿದ್ದೇನಲ್ಲ, ಗಾಯದ ಮೇಲೆ ಬರೆ ಎಳೆದಂತೆ. ಅವತ್ತಿನಿಂದ ತನ್ನ ಮುಖಕ್ಕೆ ರೇಜರ್ ತಾಗಿಸಿಲ್ಲ. ಊರಿನ ಗದ್ದವನ್ನೆಲ್ಲ ನುಣ್ಣಗೆ ಮಾಡೋನಿಗೆ ಇದೇನಪ್ಪಾ ಕಾಡು, ದೀಪದ ಬುಡದಲ್ಲಿ ಕತ್ತಲು, ಎಂದು ಪಕ್ಕದ ಬೀಗ ರಿಪೇರಿಯವನು ನಗುತ್ತಾನೆ, ನನ್ನ ಕೈಗೆ ಕೊಡು, ಪುಕ್ಕಟೆ ಬೋಳಿಸ್ತೀನಿ, ಎನ್ನುತ್ತಾನೆ, ದುಃಖಕ್ಕೆ ಬಿಟ್ಟಿದ್ದು ಅಂದುಕೊಂಡವರು ಸುಮ್ಮನಿರುತ್ತಾರೆ, ಇವನೂ ನಕ್ಕು ಕತ್ತರಿ ಕೈಗೆತ್ತಿಕೊಳ್ಳುತ್ತಾನೆ, ಬಾಯಿ ಬಿಟ್ಟರೆ ಬಣ್ಣಗೇಡು, ಇದು ಹೆಂಡತಿಗಾಗಿ ಎಳೆದುಕೊಂಡ ಪರದೆ ಎಂದು ಯಾರಿಗೆ ಹೇಳುವುದು, ಮೊದಮೊದಲು ತುರಿಸುತ್ತಿತ್ತು, ಈಗ ಒತ್ತಾಗಿ ಬೆಳೆದಿದೆ, ಗುಳಿ ಎಲ್ಲಿತ್ತೆಂದು ಕನ್ನಡಿಯಲ್ಲಿ ಅವನಿಗೇ ಕಾಣುವುದಿಲ್ಲ, ಒಳ್ಳೆಯದಾಯಿತು.

ಅಳು ಬರುತ್ತಾಮ್ಮಾ, ಎಂದು ಡಾಕ್ಟರು ಕೇಳುತ್ತಾರೆ, ರೆಪ್ಪೆ ಬಡಿಯುತ್ತದೆ, ತುಟಿ ಅಲ್ಲಾಡುತ್ತದೆ, ಇಲ್ಲ, ಎನ್ನುತ್ತಾಳೆ, ಅವಳೇ, ಅವಳ ದನಿಯೇ, ಒರಟಾಗಿದೆ, ಬಹಳ ದಿನ ಮುಚ್ಚಿದ್ದ ಕಿಟಕಿ ತೆಗೆದ ಹಾಗೆ, ಇಲ್ಲ ಡಾಕ್ಟ್ರೇ, ಅಳು ಬರಲ್ಲ, ಬಂದ್ರೆ ಸಾಕಿತ್ತು, ಅವನ ಮೈಯೆಲ್ಲ ಕಿವಿಯಾಗುತ್ತದೆ, ಹೇಳು, ಇನ್ನೂ ಹೇಳು, ಆಸ್ಪತ್ರೆ ಬೇಡ, ಹೇಳು, ಅವಳು ಹೇಳುತ್ತಿದ್ದಾಳೆ, ಫೋನಿಗೆ, ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ, ಮುಖ ಮರೆತುಹೋಗ್ತಿದೆ ಡಾಕ್ಟ್ರೇ, ಒಂದು ಫೋಟೋ ತೆಗೀಲಿಲ್ಲ ನಾವು, ಮೂಗು ಹೇಗಿತ್ತು ನೆನಪಿಲ್ಲ, ಗದ್ದ ಒಂದು ನೆನಪಿದೆ, ಇವ್ರದ್ದೇ ಗದ್ದ, ಗುಳಿ ಇತ್ತು, ಅದೊಂದಾದ್ರೂ ಮನೇಲಿದೆ ಅನ್ಕೊಂಡಿದ್ದೆ, ಮನೆಗೆ ಬಂದ ದಿನ ಮುಟ್ಟಬೇಕು ಅನ್ನಿಸ್ತು, ಮುಟ್ಟಿದ್ರೆ ಇವ್ರು ಅತ್ತುಬಿಡ್ತಾರೆ, ಪಾಪ, ಅಂತ ಆ ಕಡೆ ತಿರುಗಿದೆ, ನಾಳೆ ಮುಟ್ಟೋಣ, ನಾಳೆ ಮುಟ್ಟೋಣ ಅಂತಿದ್ದೆ, ಅಷ್ಟರಲ್ಲಿ ಇವ್ರು ಗಡ್ಡ ಬಿಟ್ರು, ಮುಚ್ಚಿಹೋಯ್ತು, ಅದೂ ಹೋಯ್ತು ಡಾಕ್ಟ್ರೇ, ಬೇಕಂತ್ಲೇ ಮುಚ್ಕೊಂಡ್ರೇನೋ, ನನಗೆ ಅದೂ ಸಿಗಬಾರ್ದು ಅಂತ, ಕೇಳೋಕೆ ಬಾಯಿ ಬರಲಿಲ್ಲ. ಇಲ್ಲ ಕಣೇ, ಇಲ್ಲ, ನಿನಗೆ ನೋವಾಗುತ್ತದೆ ಅಂತ, ಎನ್ನಲು ಅವನು ಮುಂದೆ ಬಾಗುತ್ತಾನೆ, ಫೋನು ಮೇಲೇಳುತ್ತದೆ, ಗೋಡೆ ಕಾಣ್ತಿದೆ, ಫೋನ್ ಸ್ವಲ್ಪ ಇಳಿಸಿ ಸರ್, ಎನ್ನುತ್ತಾರೆ ಡಾಕ್ಟರು, ಇಳಿಸುತ್ತಾನೆ, ಇನ್ನೊಂದು ಕೈ ತಾನಾಗಿ ಗಡ್ಡದೊಳಗೆ ಹೋಗಿದೆ, ಒತ್ತು ಕೂದಲು, ಒರಟು ಕೂದಲು, ಇಲ್ಲೇ ಇತ್ತಲ್ಲ, ತುಟಿಯ ಕೆಳಗೆ, ನಡುವೆ, ಎಲ್ಲಿ, ಅವಳು ಈಗ ನೋಡುತ್ತಿದ್ದಾಳೆ, ಫೋನನ್ನಲ್ಲ, ಅವನ ಬೆರಳು ಹುಡುಕುವುದನ್ನು, ಡಾಕ್ಟರು ಏನೋ ಕೇಳುತ್ತಿದ್ದಾರೆ, ಕೇಳಿಸುವುದಿಲ್ಲ, ಬಿಳಿ ಟವೆಲ್ಲು, ಅವಳ ಕಿರುಬೆರಳ ತುದಿ, ಅದು ಕೂತ ಆ ಪುಟ್ಟ ಗುಳಿ, ಬೆರಳ ತುದಿ, ಗುಳಿ, ಆ ಪುಟ್ಟ ಗುಳಿ