ಮುರಿದ ಸ್ಪ್ರಿಂಗಿನ ಸಾಕ್ಷಿ

ತರೀಕೆರೆಯಲ್ಲಿ ಗಡಿಯಾರ ರಿಪೇರಿ ಮಾಡುವ ದತ್ತಾತ್ರಿ ನಮ್ಮಪ್ಪನ ಗ್ರಾಮಫೋನನ್ನು ಮೇಜಿನ ಮೇಲಿಟ್ಟುಕೊಂಡು, "ಬಿಟ್ಟು ಹೋಗಿ ಗುರುಶಾಂತಮ್ಮನೋರೇ, ಸೋಮವಾರ ಬನ್ನಿ" ಅಂದ. ಬಿಟ್ಟು ಹೋಗಲು ನನಗೇನು ತಲೆ ಕೆಟ್ಟಿದೆಯೇ? ಹಳೇ ಸಾಮಾನಿಗೆ ಈಗ ಎಲ್ಲೆಲ್ಲಿಂದಲೋ ಗಿರಾಕಿಗಳು ಬರುತ್ತಾರೆ. ಒಳಗಿನದನ್ನೆಲ್ಲ ಬಿಚ್ಚಿಕೊಂಡು ಬರೀ ಪೆಟ್ಟಿಗೆ ಕೊಟ್ಟರೆ ಯಾರನ್ನು ಕೇಳಲಿ? ಅಜ್ಜಂಪುರದಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ನಾನು. ಸ್ಟೂಲು ಎಳೆದುಕೊಂಡು ಎದುರಿಗೇ ಕೂತೆ.

"ನನ್ನ ಕಣ್ಣೆದುರೇ ಬಿಚ್ಚಪ್ಪ. ಮುರಿದ ಸ್ಪ್ರಿಂಗು ನನ್ನ ಕೈಗೆ ಕೊಡ್ಬೇಕು."

"ಮುರಿದದ್ದು ತಗೊಂಡು ಏನ್ಮಾಡ್ತೀರಿ?"

"ಸಾಕ್ಷಿ ಬೇಕು ಕಣಪ್ಪ."

ನನ್ನ ತಂಗಿ ಸುಲೋಚನಳ ಮುಖಕ್ಕೆ ಹಿಡಿಯಲು ಬೇಕಿತ್ತು. ಒಂಬತ್ತು ವರ್ಷದ ಹಿಂದೆ ಅಪ್ಪನ ಪುಣ್ಯಸ್ಮರಣೆಗೆ ಪಂಚನಹಳ್ಳಿಯಿಂದ ಬಂದವಳು, ಒಂದು ಹಾಡು ಕೇಳೋಣವೆಂದು ಇದರ ಹ್ಯಾಂಡಲ್ ತಿರುಗಿಸಿದಳು. ಒಳಗೆ ಧಡ್ ಅಂತು. ಆಮೇಲೆ ಪ್ಲೇಟು ತಿರುಗಲೇ ಇಲ್ಲ. ಅಪ್ಪ ಇದನ್ನು ನನಗೆ ಕೊಟ್ಟರೆಂಬ ಹೊಟ್ಟೆಕಿಚ್ಚಿಗೆ ಬೇಕಂತಲೇ ಸ್ಪ್ರಿಂಗು ಮುರಿದಳು ಎಂದು ಊಟದ ಪಂಕ್ತಿಯಲ್ಲೇ ಅಂದುಬಿಟ್ಟೆ. ಅವಳು ಅರ್ಧ ಊಟಕ್ಕೆ ಎದ್ದು ಹೋದಳು. ಅಲ್ಲಿಂದೀಚೆಗೆ ಮಾತಿಲ್ಲ.

ಹೋದ ವಾರ ಅವಳ ಮಗಳು ಅಶ್ವಿನಿ ತನ್ನ ಮದುವೆಗೆ ಕರೆಯಲು ಬಂದಿದ್ದಳು. "ದೊಡ್ಡಮ್ಮ, ನೀವು ಬರ್ಲೇಬೇಕು" ಅಂದಳು. "ನಿಮ್ಮಮ್ಮ ತಪ್ಪು ಒಪ್ಕೊಳ್ಳಲಿ, ಬತ್ತೀನಿ" ಅಂದೆ. ಹುಡುಗಿ ಕಣ್ಣು ತುಂಬಿಕೊಂಡು ಹೋಯಿತು. ನನಗೂ ಸಂಕಟವಾಯಿತು. ಹಾಗಂತ ಸುಳ್ಳಿಗೆ ಸೋಲಲಾಗುತ್ತದೆಯೇ?

ದತ್ತಾತ್ರಿ ಮೋಟಾರು ಹೊರತೆಗೆದ. ಅವನು ಬಿಚ್ಚಿಟ್ಟ ಪ್ರತಿಯೊಂದು ಸ್ಕ್ರೂವಿನ ಫೋಟೊ ತೆಗೆದುಕೊಂಡೆ. ಸ್ಪ್ರಿಂಗು ಇರುವ ಕಬ್ಬಿಣದ ಡಬ್ಬಿ ಕೈಗೆತ್ತಿಕೊಂಡು, "ಸ್ವಲ್ಪ ಹಿಂದಕ್ಕೆ ಸರೀರಿ ಅಮ್ಮ, ಹಾರಿದ್ರೆ ಮುಖ ಕುಯ್ಯುತ್ತೆ" ಅಂದ.

ಹಾಂ, ಬಂತು ನೋಡಿ ಬುದ್ಧಿ! ನನ್ನನ್ನು ಆಚೆ ಸರಿಸಿ ಕೈಚಳಕ ತೋರಿಸುವ ಉಪಾಯ. "ನನ್ನ ಮುಖ ತಾನೇ? ಕುಯ್ದರೆ ಕುಯ್ಯಲಿ ಬಿಡು" ಎಂದು ಇನ್ನೂ ಮುಂದಕ್ಕೆ ಬಗ್ಗಿದೆ. ಅವನು ಡಬ್ಬಿಯನ್ನು ಗೋಣಿತಾಟಿನಲ್ಲಿ ಸುತ್ತಿ ಮುಚ್ಚಳ ತೆಗೆದ.

ಏನೂ ಹಾರಲಿಲ್ಲ. ಉಕ್ಕಿನ ಪಟ್ಟಿಯ ಸುರುಳಿಗಳ ನಡುವೆ ಹಲಸಿನ ಮೇಣದಂಥ ಕಪ್ಪು ಅಂಟು ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಪಟ್ಟಿಯನ್ನು ತುದಿಯವರೆಗೂ ಬಿಚ್ಚಿದ. ಎಲ್ಲೂ ಮುರಿದಿರಲಿಲ್ಲ.

"ಬದಲಾಯಿಸಿದ್ಯೇನಯ್ಯಾ?" ಬಾಯಿಂದ ಬಂದೇಬಿಟ್ಟಿತು.

"ಕಣ್ಣು ಮಿಟುಕಿಸದೆ ಕೂತಿದ್ರಲ್ಲಮ್ಮ! ಅಂಟಿದ್ದ ಸುರುಳಿ ಒಮ್ಮೆಲೇ ಬಿಟ್ಕೊಂಡ್ರೆ ಮುರಿದ ಹಾಗೇ ಧಡ್ ಅನ್ನುತ್ತೆ, ಆಮೇಲೆ ಮತ್ತೆ ಅಂಟಿ ಕೂರುತ್ತೆ, ಅಷ್ಟೇ." ಒರೆಸಿದ ಬಟ್ಟೆಯನ್ನು ಮೂಸಿದ. "ಗ್ರೀಸ್ ಹಾಕೋ ಕಡೆ ವರ್ಷಾನುಗಟ್ಲೆ ಹರಳೆಣ್ಣೆ ಸುರಿದಿದಾರೆ. ವಿಭೂತಿನೂ ಸೇರಿದೆ. ಯಾರಮ್ಮ ಆ ಪುಣ್ಯಾತ್ಮ?"

ಶಿವ ಶಿವಾ! ಪ್ರತಿ ಆಯುಧಪೂಜೆಗೂ ಮೇಲಿನ ಹಲಗೆ ಎತ್ತಿ, ಗಾಡಿಯ ಅಚ್ಚಿಗೆ ಎರೆದ ಹಾಗೆ ಹರಳೆಣ್ಣೆ ಎರೆದು, ವಿಭೂತಿ ಬಳಿದವಳು ನಾನೇ. ಇನ್ನೊಬ್ಬರಿಗೆ ಮುಟ್ಟಲು ಬಿಟ್ಟವಳೇ ಅಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಅಲ್ಲೇ ಕೂತು ತಂಗಿಗೆ ಫೋನ್ ಮಾಡಿದೆ.

"ಹೇಳಕ್ಕ" ಅಂದಳು, ನಿನ್ನೆ ತಾನೇ ಮಾತಾಡಿದವಳ ಹಾಗೆ.

"ನೀನು ಮುರೀಲಿಲ್ಲ ಕಣೇ ಸುಲೋಚನಾ. ನನ್ನ ಹರಳೆಣ್ಣೆನೇ ಕೆಡಿಸಿದ್ದು."

"ಗೊತ್ತು ಕಣಕ್ಕ. ಅವತ್ತು ಹ್ಯಾಂಡಲ್ ಹಿಡಿದ ಕೈಯೆಲ್ಲ ಅದೇ ವಾಸನೆ."

"ಮತ್ತೆ ಅವತ್ತೇ ಹೇಳೋಕೇನಾಗಿತ್ತೇ ನಿಂಗೆ?"

"ಪಂಕ್ತೀಲಿ ಅಷ್ಟು ಜನ ಕೂತಿದ್ರು. ಅವರೆದುರು ನಿನ್ ಮರ್ಯಾದೆ ಹೆಂಗಕ್ಕ ಕಳೀಲಿ?"

ಅದೇ ಜನರೆದುರು ನಾನು ಅವಳ ಮರ್ಯಾದೆ ಕಳೆದಿದ್ದೆ. ಅಳು ತಡೆಯಲಾಗಲಿಲ್ಲ. ದತ್ತಾತ್ರಿ ನನ್ನನ್ನು ನೋಡದವನಂತೆ ಸ್ಪ್ರಿಂಗು ಒರೆಸುತ್ತಲೇ ಇದ್ದ.

"ಸೋಮವಾರ ಬತ್ತೀನಪ್ಪ" ಎಂದು ಗ್ರಾಮಫೋನನ್ನು ಅವನಲ್ಲೇ ಬಿಟ್ಟು ಕಡೂರಿನ ಬಸ್ಸು ಹತ್ತಿದೆ. ಅಲ್ಲಿಂದ ಪಂಚನಹಳ್ಳಿಗೆ ಬಸ್ಸಿದೆ.